ಜಡ್ಜಮ್ಮನ ನಾಲಿಗೆ

ಜನವರಿ 6

ಅಕ್ಕಾ,

ಫೋನಿನಲ್ಲಾದರೆ ನೀನು ಕೇಳುತ್ತೀಯ, ನಾನು ಹೂಂ ಅನ್ನುತ್ತೇನೆ, ಅಷ್ಟರಲ್ಲಿ ಮಗು ಎದ್ದುಬಿಡುತ್ತದೆ. ಅದಕ್ಕೇ ಮತ್ತೆ ಕಾಗದ ಹಿಡಿದೆ.

ನಾನು ಹೆತ್ತ ನಿನ್ನ ಮಗಳು ಜಡ್ಜಮ್ಮನಿಗೆ ಆರು ತಿಂಗಳು ತುಂಬಿತು. ಹುಟ್ಟಿದ ದಿನ ಹುಬ್ಬು ಗಂಟಿಕ್ಕಿ ನಮ್ಮನ್ನೆಲ್ಲ ನೋಡಿದಳೆಂದು ನೀನು ತಮಾಷೆಗೆ ಇಟ್ಟ ಹೆಸರು, ಈಗ ಬೀದಿಗೆ ಬೀದಿಯೇ ಹಾಗೆ ಕರೆಯುತ್ತಿದೆ. ಡಾಕ್ಟರು ನೋಡಿ, ತೂಕ ಚೆನ್ನಾಗಿದೆ, ಇನ್ನು ಎದೆಹಾಲಿನ ಜೊತೆಗೆ ಮೇಲಿನ ಆಹಾರ ಶುರು ಮಾಡಿ ಎಂದರು. ಮಾರ್ಚ್ ನಡುವಿಗೆ ನನ್ನ ರಜೆ ಮುಗಿಯುತ್ತದೆ, ಕನ್ನಡಕದ ಅಂಗಡಿಗೆ ವಾಪಸು ಹೋಗಬೇಕು. ಅಷ್ಟರೊಳಗೆ ಅವಳು ಚಮಚದಲ್ಲಿ ತಿನ್ನುವುದು ಕಲಿತಿರಬೇಕು. ಶಿಶುವಿಹಾರದವರು, 'ನೀವು ಒಂದು ಡಬ್ಬ ತಂದಿಟ್ಟುಬಿಡಿ, ಹೊತ್ತಿಗೆ ಸರಿಯಾಗಿ ನಾವು ಕಲಸಿ ತಿನ್ನಿಸ್ತೀವಿ' ಅಂದಿದ್ದಾರೆ. ಹಾಗಾಗಿ ಡಬ್ಬದ ಆಹಾರವೇ ಗತಿ.

ನಿನ್ನೆ ಅಂಗಡಿಗೆ ಹೋದೆ. ನೆಲದಿಂದ ಸೂರಿನವರೆಗೆ ಡಬ್ಬಗಳು. ಪ್ರತಿಯೊಂದರ ಮೇಲೂ ಒಂದು ದಪ್ಪ ಕೆನ್ನೆಯ ಮಗು ನಗುತ್ತಾ ಕೂತಿದೆ. ಒಂದರಲ್ಲಿ ಬುದ್ಧಿ ಬೆಳೆಯುತ್ತದಂತೆ, ಇನ್ನೊಂದರಲ್ಲಿ ಎತ್ತರ ಬೆಳೆಯುತ್ತದಂತೆ. ಅಂಗಡಿಯವನನ್ನು ಕೇಳಿದರೆ ಎಲ್ಲವೂ ಒಳ್ಳೆಯದೇ ಅನ್ನುತ್ತಾನೆ. ನಿಂತೂ ನಿಂತೂ ಕೊನೆಗೆ ಒಂದು ಸೋಪು ಕೊಂಡುಕೊಂಡು ಮನೆಗೆ ಬಂದೆ. ನಮ್ಮ ಡ್ರೈವರ್ ಸಾಹೇಬರು ಬಸ್ಸು ಡಿಪೋಗೆ ಬಿಟ್ಟು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. 'ಅಲ್ವೇ, ನಿಮ್ಮಕ್ಕ ಇಂಥ ಡಬ್ಬ ಮಾಡೋ ಕಾರ್ಖಾನೇಲೇ ಕೂತು ದಿನಾ ತಿಂತಾರೆ. ಅವರನ್ನ ಕೇಳೋದು ಬಿಟ್ಟು ಸೋಪು ತಂದ್ಯಾ?' ಅಂದರು.

ಅಮ್ಮ ಹೋದಮೇಲೆ ನನಗೆ ತುತ್ತು ಹಾಕಿ ಬೆಳೆಸಿದವಳು ನೀನು. ಇವಳ ಮೊದಲ ತುತ್ತನ್ನೂ ನೀನೇ ಹೇಳು.

ನಿನ್ನ ತಂಗಿ


ಜನವರಿ 12

ತಂಗೀ,

ಸೋಪು ತಂದಳಂತೆ! ಭೇಷ್. ರಾತ್ರಿ ಅದನ್ನೇ ಕಲಸಿ ತಿನ್ನಿಸಿಬಿಟ್ಟೀಯ.

ಸರಿ, ಕೇಳು. ಅಂಗಡಿಗೆ ಹೋದ ಕೂಡಲೇ ಡಬ್ಬವನ್ನು ತಿರುಗಿಸು. ಮುಂದೆ ಇರುವುದು ಬರೀ ಜಾಹೀರಾತು, ಊಟ ಇರುವುದು ಹಿಂದೆ, ಸಣ್ಣ ಅಕ್ಷರದಲ್ಲಿ. ನಿನ್ನ ಕನ್ನಡಕದ ಅಂಗಡಿಯ ಭೂತಗನ್ನಡಿ ತೆಗೆದುಕೊಂಡು ಹೋದರೂ ತಪ್ಪಿಲ್ಲ. ಸಕ್ಕರೆ ಇದೆಯೇ ನೋಡು, ಇದ್ದರೆ ವಾಪಸು ಇಡು. ಉಪ್ಪಿದ್ದರೂ ಅಷ್ಟೇ. ಆರು ತಿಂಗಳಿಗೆ ಎಂದು ಬರೆದಿರಬೇಕು, ತಾರೀಕು ದಾಟಿರಬಾರದು, ಡಬ್ಬ ಎಲ್ಲೂ ಜಜ್ಜಿರಬಾರದು. ಕಬ್ಬಿಣಾಂಶ ಸೇರಿಸಿದ್ದರೆ ಒಳ್ಳೆಯದು. ಮೊದಲಿಗೆ ಒಂದೇ ಧಾನ್ಯ ಸಾಕು. ಒಂದೆರಡು ಚಮಚದಿಂದ ಶುರು ಮಾಡು, ಬಾಯಿ ಮುಚ್ಚಿದರೆ ನಿಲ್ಲಿಸು. ಬುದ್ಧಿ ಬೆಳೆಯುವ ಡಬ್ಬ ಇದ್ದಿದ್ದರೆ ನಿನಗೆ ಆಗಲೇ ತಿನ್ನಿಸುತ್ತಿದ್ದೆನಲ್ಲ!

ಊರವರೆಲ್ಲ ನನ್ನ ಕೆಲಸವನ್ನು ಪುಕ್ಕಟೆ ಊಟ ಅಂದುಕೊಂಡಿದ್ದಾರೆ. ನಿನ್ನ ಗಂಡನಿಗೂ ಹೇಳು. ರುಚಿಕೋಣೆಯಲ್ಲಿ ನಾವು ಏಳು ಜನ. ಒಬ್ಬೊಬ್ಬರಿಗೂ ಒಂದೊಂದು ಗೂಡು, ಒಬ್ಬರ ಮುಖ ಇನ್ನೊಬ್ಬರಿಗೆ ಕಾಣಬಾರದು. ಮೇಲೆ ಕೆಂಪು ದೀಪ, ಬಣ್ಣ ನೋಡಿ ಮೋಸ ಹೋಗಬಾರದೆಂದು. ಒಂದು ತುತ್ತು, ನಂತರ ಉಗುರುಬೆಚ್ಚಗಿನ ನೀರು, ಸಪ್ಪೆ ಬಿಸ್ಕತ್ತಿನ ಒಂದು ಚೂರು, ಮತ್ತೆ ಒಂದು ತುತ್ತು. ಈ ಕೆಲಸಕ್ಕಾಗಿ ಘಮಘಮ ತಲೆಎಣ್ಣೆ ಬಿಟ್ಟೆ, ಬೆಳಗಿನ ಕಾಫಿ ಬಿಟ್ಟೆ, ಹಸಿ ಈರುಳ್ಳಿ ಭಾನುವಾರಕ್ಕೆ ಮಾತ್ರ. ಏಳು ಜನರಲ್ಲಿ ಹಿರಿಯಳು ನಾನು. ನಾನು ಬೇಡ ಅಂದ ಡಬ್ಬ ಗೇಟು ದಾಟುವುದಿಲ್ಲ. ಜಂಬ ಅಂದುಕೋ, ನನಗೇನೂ ಬೇಜಾರಿಲ್ಲ.

ಇದರ ಜೊತೆ ಎರಡು ಡಬ್ಬ ಕಳಿಸಿದ್ದೇನೆ. ಬರೀ ಅಕ್ಕಿಯದು. ಹೊಸ ಹುರಿಯುವ ಯಂತ್ರ ಬಂದಿದೆ, ಅದರ ಮೊದಲ ಮಾಲು. ಲ್ಯಾಬಿನವರು ಎಲ್ಲ ಪರೀಕ್ಷೆ ಮುಗಿಸಿ ಸಿಬ್ಬಂದಿಗೆ ಕೊಟ್ಟಿದ್ದಾರೆ. ಅಂಗಡಿಗೆ ಹೋಗಲು ರುಚಿಕೋಣೆಯ ಒಪ್ಪಿಗೆಯೊಂದು ಬಾಕಿ. ನನ್ನ ಸರದಿ ಮುಂದಿನ ವಾರ. ಈ ಸಲ ದೊಡ್ಡಮ್ಮನಿಗಿಂತ ಮೊದಲು ಮಗಳು ನೋಡಲಿ. ಅವಳು ಏನು ಮಾಡಿದಳು, ಮುಖ ಹೇಗಿತ್ತು, ಎಲ್ಲವನ್ನೂ ಬರೆ.

ಅಕ್ಕ


ಜನವರಿ 20

ಅಕ್ಕಾ,

ಡಬ್ಬಗಳು ಬಂದವು. ಏನು ಹೇಳಲಿ! ಜಡ್ಜಮ್ಮ ಬಟ್ಟಲನ್ನೇ ನೆಕ್ಕಿದಳು. ಚಮಚ ಕಿತ್ತುಕೊಳ್ಳಲು ಬಂದಳು. ಇನ್ನೂ ಬೇಕೆಂದು ಗಲಾಟೆ. ನಿನ್ನ ಕೈಯ ಊಟ ತಿಂದು ಬೆಳೆದವಳ ಮಗಳಲ್ಲವೇ. ತುಂಬ ಚೆನ್ನಾಗಿದೆ ಅಕ್ಕಾ, ತುಂಬ ಅಂದರೆ ತುಂಬ.

ಒಂದು ಮಾತು ಕೇಳಬೇಕಿತ್ತು. ಪಕ್ಕದ ಮನೆಯಲ್ಲೂ ಇದೇ ವಯಸ್ಸಿನ ಒಂದು ಮಗು ಇದೆ. ಅವರಿಗೂ ಒಂದು ಡಬ್ಬ ಕೊಟ್ಟೆ. ಆ ಮಗು ಯಾಕೋ ತಿನ್ನುತ್ತಿಲ್ಲವಂತೆ. ಬಾಯಿಗೆ ಇಟ್ಟಾಗ ಸುಮ್ಮನಿರುತ್ತದೆ, ಚಪ್ಪರಿಸುತ್ತದೆ ಕೂಡ. ನುಂಗಿದ ಮೇಲೆ ಮುಖ ಸಿಂಡರಿಸುತ್ತದೆ. ಆಮೇಲೆ ತುಟಿಗೆ ಬೀಗ. ನಾಲ್ಕು ದಿನದಿಂದ ಹೀಗೇ. ಪಾಪ, ಅವರಮ್ಮ ಅಳುವುದೊಂದು ಬಾಕಿ, ಕೆಲಸಕ್ಕೆ ಹೋಗಬೇಕಾದವಳು. ಬೇರೆ ಯಾವುದಾದರೂ ಡಬ್ಬ ನೋಡಬಹುದೇ ಎಂದು ಕೇಳಲು ಹೇಳಿದಳು. ನನಗಲ್ಲ, ಅವರಿಗೆ.

ನಿನ್ನ ತಂಗಿ


ಜನವರಿ 27

ತಂಗೀ,

ನಿನ್ನ ಕಾಗದ ನೋಡಿ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಊಟದ ಬಿಡುವಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಬಟ್ಟಲು ನೆಕ್ಕಿದಳು ಎಂಬಲ್ಲಿ ನಮ್ಮ ಮುಖ್ಯಸ್ಥರೂ ಬಂದು ನಿಂತುಕೊಂಡರು, ಇನ್ನೊಂದು ಸಲ ಓದಿಸಿದರು. ಆರು ತಿಂಗಳ ನಾಲಿಗೆ ಅಂದರೆ ಏನೆಂದು ನಿನಗೆ ಗೊತ್ತಿಲ್ಲ. ಅದಕ್ಕಿಂತ ಶುದ್ಧವಾದ ನಾಲಿಗೆ ಪ್ರಪಂಚದಲ್ಲೇ ಇಲ್ಲ. ಉಪ್ಪು ಕಂಡಿಲ್ಲ, ಖಾರ ಕಂಡಿಲ್ಲ, ಸುಳ್ಳೂ ಕಲಿತಿಲ್ಲ.

ಆ ಪಕ್ಕದ ಮನೆ ಮಗುವಿನ ವಿಷಯ ಬಿಡು. ಅವರು ಗುಟ್ಟಾಗಿ ಸಕ್ಕರೆ ನೆಕ್ಕಿಸಿರುತ್ತಾರೆ, ಇನ್ನು ಅಕ್ಕಿ ಎಲ್ಲಿ ಸೇರುತ್ತದೆ? ಬಲವಂತ ಮಾಡಬೇಡಿ ಅನ್ನು. ಬೇರೆ ಡಬ್ಬ ತರಬಹುದು, ಏನೂ ತೊಂದರೆಯಿಲ್ಲ, ಹಿಂದುಗಡೆ ಓದಿ ತರಲಿ. ನಮ್ಮ ಮನೆ ಮಗುವಿನ ನಾಲಿಗೆ ಎಲ್ಲರಿಗೂ ಬರುತ್ತದೆಯೇ.

ಈ ವಾರ ನನಗೂ ನನ್ನ ನಾಲಿಗೆಗೂ ಒಂದು ಸಣ್ಣ ಜಗಳವಿತ್ತು. ನಿನ್ನ ಕಾಗದ ಬಂದು ರಾಜಿ ಮಾಡಿಸಿತು. ಬರೆಯುವಂಥದ್ದೇನಲ್ಲ.

ಅಕ್ಕ


ಫೆಬ್ರವರಿ 5

ಅಕ್ಕಾ,

ಪಕ್ಕದ ಮನೆಯವರು ನೀನು ಹೇಳಿದ ಹಾಗೇ ಡಬ್ಬಗಳನ್ನು ತಿರುಗಿಸಿ ತಿರುಗಿಸಿ ಓದಿ, ಹಸಿರು ಮುಚ್ಚಳದ ಒಂದನ್ನು ತಂದರು. ಅದೂ ಅಕ್ಕಿಯದೇ, ಸಕ್ಕರೆ ಇಲ್ಲ. ಆ ಮಗು ಈಗ ಚಮಚ ಕಂಡರೆ ಸಾಕು, ಬಾಯಿ ತೆರೆಯುತ್ತದೆ. ಮೊನ್ನೆ ತಿಂದಾದ ಮೇಲೆ ನನ್ನ ಹೆಬ್ಬೆರಳು ಹಿಡಿದುಕೊಂಡೇ ನಿದ್ದೆ ಹೋಯಿತು, ಗಲ್ಲದ ಮೇಲೆ ಕಲಸಿದ ಅಕ್ಕಿಹಿಟ್ಟು ಒಣಗಿಕೊಂಡಿತ್ತು. ಒರೆಸಲು ಮನಸ್ಸೇ ಬರಲಿಲ್ಲ. ಅವರಮ್ಮನಿಗೆ ಎಷ್ಟು ನಿರಾಳವಾಗಿದೆ ಎಂದರೆ ಹೇಳಲಾರೆ.

ಜಡ್ಜಮ್ಮನೂ ಚೆನ್ನಾಗಿದ್ದಾಳೆ. ಎರಡು ಹಲ್ಲು ಇಣುಕುತ್ತಿವೆ.

ನಾಲಿಗೆಯ ಜೊತೆ ಜಗಳ ಎಂದರೆ ಏನು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವವಳು ನೀನಲ್ಲ.

ನಿನ್ನ ತಂಗಿ


ಫೆಬ್ರವರಿ 22

ತಂಗೀ,

ಉತ್ತರ ತಡವಾಯಿತು. ಬರೆಯಬಾರದೆಂದೇ ಇದ್ದೆ. ಆದರೆ ಮುಂದಿನ ತಿಂಗಳಿನಿಂದ ನನ್ನನ್ನು ಯಾರಾದರೂ ವಿಚಾರಿಸಿದರೆ ಪ್ಯಾಕಿಂಗ್ ವಿಭಾಗದಲ್ಲಿ ಕೇಳಬೇಕು ಎಂದಾದರೂ ನಿನಗೆ ತಿಳಿದಿರಲಿ. ಯಾರೂ ನನ್ನನ್ನು ತಳ್ಳಲಿಲ್ಲ. ನಾನೇ ಕೇಳಿಕೊಂಡೆ.

ಹೊಸ ಯಂತ್ರದ ಮಾಲು ರುಚಿ ನೋಡಿದ ದಿನ ನನಗೊಬ್ಬಳಿಗೇ ಏನೋ ಸರಿ ಕಾಣಲಿಲ್ಲ. ನಾಲಿಗೆ ಮೇಲಿರುವಾಗ ಚೆನ್ನಾಗಿಯೇ ಇತ್ತು. ನುಂಗಿ ಸ್ವಲ್ಪ ಹೊತ್ತಾದ ಮೇಲೆ ನಾಲಿಗೆಯ ಬುಡದಲ್ಲಿ ಒಂದು ಎಳೆ ಕಹಿ. ಅಕ್ಕಿ ಹುರಿದದ್ದು ಒಂದು ಹದ ಹೆಚ್ಚಾದರೆ ಬರುತ್ತದಲ್ಲ, ಅದು. ಆರೋಗ್ಯಕ್ಕೆ ಏನೂ ಕೆಡುಕಿಲ್ಲ, ಆದರೂ ಕಹಿ ಕಹಿಯೇ. ಉಳಿದ ಆರು ಜನ ಒಪ್ಪಿಗೆ ಕೊಟ್ಟಿದ್ದರು. ನಾನು ತಡೆಯಬೇಕು ಎಂದುಕೊಂಡು ಎರಡು ದಿನ ಸಮಯ ಕೇಳಿದ್ದೆ. ಅಷ್ಟರಲ್ಲಿ ನಿನ್ನ ಕಾಗದ ಬಂತು.

ಆರು ತಿಂಗಳ ಮಗು ಬಟ್ಟಲು ನೆಕ್ಕಿದೆ ಎಂದಮೇಲೆ ಇನ್ನೇನು ಉಳಿಯಿತು? ಕಹಿ ಡಬ್ಬದಲ್ಲಿಲ್ಲ, ನನ್ನ ಬಾಯಲ್ಲಿದೆ ಎಂದು ಅರ್ಥವಾಯಿತು. ಒಪ್ಪಿಗೆ ಹಾಕಿದೆ. ಮಾಲು ಮಾರ್ಚ್ ಮೊದಲ ವಾರ ಹೊರಡುತ್ತದೆ. ವಯಸ್ಸಾದ ಮೇಲೆ ಕಣ್ಣು ಮಂಜಾಗುವ ಹಾಗೆ ನಾಲಿಗೆಯೂ ಮಂಜಾಗುತ್ತದೆ. ನಿಮ್ಮಲ್ಲಾದರೆ ಒಂದು ಕನ್ನಡಕ ಕೊಡುತ್ತೀರಿ, ಇದಕ್ಕೆ ಏನು ಕೊಡುತ್ತೀರಿ? ಜನ ನಂಬಿ ಕೂಸಿನ ಬಾಯಿಗೆ ಇಡುತ್ತಾರೆ. ನಾಲಿಗೆ ಹೋದವಳು ಆ ಗೂಡಿನಲ್ಲಿ ಕೂರಬಾರದು.

ಬೆಳಿಗ್ಗೆ ಈಗ ಕಾಫಿ ಕುಡಿಯುತ್ತೇನೆ. ಇಷ್ಟು ವರ್ಷ ಇದಕ್ಕೆ ಯಾಕೆ ಆಸೆಪಟ್ಟೆ ಎಂದು ತಿಳಿಯುತ್ತಿಲ್ಲ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಕೂಸನ್ನು ನೋಡಿಕೋ.

ಅಕ್ಕ


ಫೆಬ್ರವರಿ 25

ಅಕ್ಕಾ,

ಇದನ್ನು ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಫೋನು ಎತ್ತಿ ಎರಡು ಸಲ ಕೆಳಗಿಟ್ಟೆ. ನಿನ್ನ ದನಿ ಕೇಳಿದರೆ ಮತ್ತೆ ಏನಾದರೂ ಸಿಹಿ ಮಾಡಿ ಹೇಳಿಬಿಡುತ್ತೇನೆ.

ಪಕ್ಕದ ಮನೆಯಲ್ಲಿ ಮಗುವೇ ಇಲ್ಲ. ಅಲ್ಲಿರುವುದು ಪಿಂಚಣಿ ಪಡೆಯುವ ಒಬ್ಬ ತಾತ ಮತ್ತು ಅವರ ಬೆಕ್ಕು. ತಿನ್ನದೇ ಇದ್ದದ್ದು ಜಡ್ಜಮ್ಮ. ನುಂಗಿದ ಮೇಲೆ ಮುಖ ಸಿಂಡರಿಸಿದ್ದು ಜಡ್ಜಮ್ಮ. ತುಟಿಗೆ ಬೀಗ ಹಾಕಿಕೊಂಡದ್ದು ಅವಳೇ. ಅಳುವುದೊಂದು ಬಾಕಿ ಎಂದು ಬರೆದೆನಲ್ಲ, ಬಾಕಿಯೇನೂ ಇರಲಿಲ್ಲ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಚೆನ್ನಾಗಿಯೇ ಅತ್ತೆ. ಹಸಿರು ಮುಚ್ಚಳದ ಡಬ್ಬ ಕೊಂಡವಳು ನಾನು. ನನ್ನ ಹೆಬ್ಬೆರಳು ಹಿಡಿದು ಮಲಗಿದವಳು ನಿನ್ನ ಮಗಳು.

ಯಾಕೆ ಹಾಗೆ ಬರೆದೆ ಎಂದು ಕೇಳುತ್ತೀಯ. ನೀನು ಇಷ್ಟು ಹೆಮ್ಮೆಯಿಂದ ಕಳಿಸಿದ ಮೊದಲ ತುತ್ತನ್ನು ನನ್ನ ಮಗಳು ಒಲ್ಲೆ ಅಂದಳು ಎಂದು ಹೇಗೆ ಬರೆಯಲಿ? ನಿನಗೆ ನೋವಾಗಬಾರದು ಎಂದಷ್ಟೇ ಯೋಚಿಸಿದೆ. ನೀನು ನನ್ನ ಕಾಗದವನ್ನು ನಂಬಿ ನಿನ್ನ ನಾಲಿಗೆಯನ್ನೇ ಬಿಡುತ್ತೀಯ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನಿನ್ನ ಕಾಗದ ಓದಿದ ಕೂಡಲೇ ಉಳಿದಿದ್ದ ಡಬ್ಬ ತೆರೆದು ನಾನೇ ಒಂದು ಚಮಚ ತಿಂದೆ. ನುಂಗಿ ಸುಮ್ಮನೆ ಕೂತೆ. ಇದೆ ಅಕ್ಕಾ. ನಾಲಿಗೆಯ ಬುಡದಲ್ಲಿ, ನೀನು ಹೇಳಿದ ಜಾಗದಲ್ಲೇ. ಇವರಿಗೂ ಕೊಟ್ಟೆ, 'ಚೆನ್ನಾಗೇ ಇದೆಯಲ್ಲೇ' ಅಂದರು. ಬಸ್‌ಸ್ಟ್ಯಾಂಡಿನ ಚಹಾ ಕುಡಿದು ಕುಡಿದು ಇವರ ನಾಲಿಗೆ ಟಾರು ರಸ್ತೆಯಾಗಿದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡ.

ನಿನ್ನ ನಾಲಿಗೆಗೆ ಏನೂ ಆಗಿಲ್ಲ. ಹೋಗಿ ಆ ಮಾಲು ತಡಿ. ನನ್ನನ್ನು ಬೈಯುವುದಿದ್ದರೆ ಆಮೇಲೆ ಬೈ.

ನಿನ್ನ ತಂಗಿ


ಮಾರ್ಚ್ 4

ತಂಗೀ,

ಮೊದಲು ಬೈಗುಳ. ಏನೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ 'ನನಗಲ್ಲ, ಅವರಿಗೆ' ಎಂದು ಬರೆದೆಯಲ್ಲ, ಅದನ್ನು ಓದಿಯೂ ನನಗೆ ಹೊಳೆಯಲಿಲ್ಲ. ಅದಕ್ಕೆ ನನಗೂ ಒಂದು ಬೈಗುಳ ಸೇರಿಸು. ಪಕ್ಕದ ಮನೆ ಮಗು ನುಂಗಿದ ಮೇಲೆ ಮುಖ ಸಿಂಡರಿಸಿತು ಎಂದು ನೀನೇ ಬರೆದಿದ್ದೆ. ನನಗೆ ಕಹಿ ಸಿಕ್ಕಿದ್ದೂ ನುಂಗಿದ ಮೇಲೆಯೇ. ಅಷ್ಟು ಎದುರಿಗಿದ್ದರೂ ಬೇರೆಯವರ ಮಗು ಎಂದು ತಳ್ಳಿಹಾಕಿದೆ, ನಮ್ಮ ಮನೆಯದು ಎಂದಾಗ ಕಣ್ಣು ಮುಚ್ಚಿ ನಂಬಿದೆ. ನೀನು ಹಾಗೆ ಬರೆದದ್ದು ತಪ್ಪು. ನನ್ನ ಮನಸ್ಸು ಕಾಯಲು ಹೋಗಿ ನನ್ನ ಕೆಲಸಕ್ಕೇ ಕೈಹಾಕಿದೆ. ಎರಡು ದಿನ ನಿನ್ನ ಮೇಲೆ ನಿಜವಾಗಿ ಸಿಟ್ಟಿತ್ತು. ಈಗಿಲ್ಲ.

ನಿನ್ನ ಕಾಗದವನ್ನು ಯಾರಿಗೂ ತೋರಿಸಲಿಲ್ಲ. ಕೂಸನ್ನು ಸಾಕ್ಷಿಗೆ ಎಳೆಯುವುದು ನನಗೆ ಬೇಕಿರಲಿಲ್ಲ. ಕಾಫಿ ಬಿಟ್ಟೆ, ಒಂದು ದಿನ ಸಪ್ಪೆ ಊಟ ಮಾಡಿದೆ, ಮರುದಿನ ಬೆಳಿಗ್ಗೆ ಮುಖ್ಯಸ್ಥರ ಬಾಗಿಲಿಗೆ ಹೋದೆ. ಲಾರಿಗಳು ಅಂಗಳದಲ್ಲಿ ನಿಂತಿದ್ದವು, ಪೆಟ್ಟಿಗೆ ಏರಿಸುತ್ತಿದ್ದರು.

'ಸಾರ್, ಇದನ್ನ ಕಳಿಸಬೇಡಿ. ಹುರಿದಿದ್ದು ಒಂದು ಹದ ಜಾಸ್ತಿ ಆಗಿದೆ.'

'ನೀವೇ ಅಲ್ವೇನಮ್ಮಾ ಒಪ್ಪಿಗೆ ಕೊಟ್ಟಿದ್ದು?'

'ಹೌದು ಸಾರ್. ಅವತ್ತು ನಾನು ನನ್ನ ನಾಲಿಗೆ ಮಾತು ಕೇಳಲಿಲ್ಲ. ಇವತ್ತು ಬೇಕಾದ್ರೆ ಪರೀಕ್ಷೆ ಮಾಡಿ.'

ಅವರು ಒಳ್ಳೆಯ ಮನುಷ್ಯ, ವಾದ ಮಾಡಲಿಲ್ಲ. ಲಾರಿ ನಿಲ್ಲಿಸಿ ಎಂದು ಹೇಳಿಕಳಿಸಿ ರುಚಿಕೋಣೆ ತೆರೆಸಿದರು. ನಮ್ಮಲ್ಲಿ ಒಂದು ಪದ್ಧತಿ ಇದೆ. ಮೂರು ಲೋಟ ಇಡುತ್ತಾರೆ, ಎರಡರಲ್ಲಿ ಒಂದೇ ಮಾಲು, ಒಂದರಲ್ಲಿ ಬೇರೆ. ಬೇರೆಯದು ಯಾವುದು ಎಂದು ಹೇಳಬೇಕು. ಹಳೆಯ ಯಂತ್ರದ್ದನ್ನೂ ಹೊಸದನ್ನೂ ಅದಲು ಬದಲು ಮಾಡಿ ಇಟ್ಟರು. ಕೆಂಪು ದೀಪದ ಕೆಳಗೆ ಕೂತಾಗ, ಸುಳ್ಳು ಯಾಕೆ ಹೇಳಲಿ, ಎರಡೆರಡು ಸಲ ಬಾಯಿ ಮುಕ್ಕಳಿಸಿದೆ. ಈ ಸಲ ಕಹಿ ಸಿಗದಿದ್ದರೆ ನಾನು ಪ್ಯಾಕಿಂಗಿಗೂ ಹೋಗುತ್ತಿರಲಿಲ್ಲ, ಮನೆಗೇ ಹೋಗುತ್ತಿದ್ದೆ. ಮೊದಲ ಸುತ್ತಿನಲ್ಲಿ ನಡುವಿನ ಲೋಟ ಅಂದೆ. ಸರಿಯಿತ್ತು. ಮತ್ತೆ ಇಟ್ಟರು, ಸರಿಯಿತ್ತು. ಸಾಕು ಎನ್ನುವವರೆಗೂ ಇಟ್ಟರು. ಒಂದೂ ತಪ್ಪಲಿಲ್ಲ ಕಣೇ, ಒಂದೂ.

ಆಮೇಲೆ ಉಳಿದವರನ್ನು ಕರೆದು, ನುಂಗಿದ ತಕ್ಷಣ ನೀರು ಕುಡಿಯಬೇಡಿ, ಸ್ವಲ್ಪ ಕಾಯಿರಿ ಎಂದೆ. ಅವಸರಕ್ಕೆ ನೀರು ಕುಡಿದು ತಾನೇ ಅವರಿಗೆ ತಪ್ಪಿದ್ದು. ಕಾದ ಮೇಲೆ ಅವರಲ್ಲಿ ಮೂವರಿಗೆ ಸಿಕ್ಕಿತು. ಯಂತ್ರದ ಬೆಂಕಿ ಇಳಿಸಿದ್ದಾರೆ. ಮಾಲು ಲಾರಿಯಿಂದ ಇಳಿಯಿತು. ಪ್ಯಾಕಿಂಗಿಗೆ ನನ್ನ ವರ್ಗಾವಣೆಯ ಮಾತೆತ್ತಿದಾಗ ಮುಖ್ಯಸ್ಥರು, 'ಅಲ್ಲಿ ನಿಮಗೇನು ಕೆಲಸ, ಪೆಟ್ಟಿಗೆ ನೆಕ್ಕಿ ನೋಡ್ತೀರಾ?' ಅಂದರು.

ಇನ್ನೊಂದು ವಿಷಯ. ಸಂಜೆ ಹೋಗಿ ಆ ಹಸಿರು ಮುಚ್ಚಳದ ಡಬ್ಬ ಕೊಂಡು ತಂದೆ. ನಮ್ಮ ಕಾರ್ಖಾನೆಯವರು ಕಂಡರೆ ಏನೆಂದುಕೊಂಡಾರು ಎಂದು ಚೀಲದ ತಳದಲ್ಲಿಟ್ಟು ತಂದೆ. ಕಲಸಿ ತಿಂದೆ. ಒಳ್ಳೆಯ ಮಾಲು. ಹದ ಬಲ್ಲವರು ಯಾರೋ ಹುರಿದಿದ್ದಾರೆ.

ಸರಿಪಡಿಸಿದ ಯಂತ್ರದ ಹೊಸ ಡಬ್ಬ ಕಳಿಸಿದ್ದೇನೆ. ಅದನ್ನೂ ಇದನ್ನೂ ಜಡ್ಜಮ್ಮನ ಎದುರಿಗಿಟ್ಟು ನೋಡು. ಶಿಶುವಿಹಾರಕ್ಕೆ ಯಾವುದು ಹೋಗಬೇಕೆಂದು ನೀನೂ ಹೇಳಬೇಡ, ನಾನೂ ಹೇಳುವುದಿಲ್ಲ.

ಅಕ್ಕ


ಮಾರ್ಚ್ 18

ಅಕ್ಕಾ,

ಈ ಸಲ ಒಂದು ಕಾಳು ಸಕ್ಕರೆಯನ್ನೂ ಬೆರೆಸದೆ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕೆ ಹೋಗಲು ಶುರು ಮಾಡಿದೆ. ಅದಕ್ಕೆ ಹಿಂದಿನ ಭಾನುವಾರ ಪರೀಕ್ಷೆ ನಡೆಯಿತು. ಡ್ರೈವರ್ ಸಾಹೇಬರು ಅಡುಗೆಮನೆಯಲ್ಲಿ ಎರಡು ಬಟ್ಟಲು ಕಲಸಿದರು, ಯಾವುದು ಯಾವುದೆಂದು ನನಗೂ ಹೇಳಲಿಲ್ಲ. ನಾನು ಮುಖ ನೋಡಿ ಏನಾದರೂ ಕಣ್ಸನ್ನೆ ಮಾಡಿಬಿಟ್ಟೇನು ಎಂದು ಅವರಿಗೆ ಭಯ. ಅಡುಗೆಮನೆಗೆ ಕೆಂಪು ಬಲ್ಬು ಹಾಕುತ್ತೇನೆಂದು ಹೊರಟಿದ್ದರು, ನಾನೇ ತಡೆದೆ.

ಮೊದಲ ಬಟ್ಟಲು. ತಿಂದಳು, ನುಂಗಿದಳು. ನಾವಿಬ್ಬರೂ ಉಸಿರು ಹಿಡಿದು ಕಾದೆವು. ಮುಖ ಸಿಂಡರಿಸಲಿಲ್ಲ. ಅರ್ಧ ಬಟ್ಟಲು ತಿಂದು, ಸಾಕು ಎಂದು ಚಮಚವನ್ನು ಕೈಯಿಂದ ಸರಿಸಿದಳು. ಸ್ವಲ್ಪ ಹೊತ್ತು ಆಟವಾಡಿಸಿ ಎರಡನೇ ಬಟ್ಟಲು ಹಿಡಿದೆ. ಪೂರ್ತಿ ತಿಂದಳು. ಖಾಲಿ ಬಟ್ಟಲಿಗೆ ಕೈಹಾಕಿ ಆ ಕೈಯನ್ನು ಬಾಯಿಗಿಟ್ಟುಕೊಂಡಳು.

ಇವರು ತಲೆ ಕೆರೆದುಕೊಂಡು ನಿಂತರು. 'ಹೇಳ್ಲೋ ಬೇಡ್ವೋ?' ಅಂದರು. ಹೇಳಿ ಎಂದೆ. ಮೊದಲನೆಯದು ನಿಮ್ಮದು ಅಕ್ಕಾ. ಪೂರ್ತಿ ತಿಂದದ್ದು ಹಸಿರು ಮುಚ್ಚಳದ್ದು. ಇಷ್ಟು ದಿನ ಅದರ ರೂಢಿ ಬಿದ್ದಿರಬಹುದು ಎಂದು ಬುಧವಾರ ಹಿಂದುಮುಂದು ಮಾಡಿ ಮತ್ತೆ ನೋಡಿದೆ. ಅದೇ ತೀರ್ಪು.

ಶಿಶುವಿಹಾರದ ಕಪಾಟಿನಲ್ಲಿ ಈಗ ಹಸಿರು ಡಬ್ಬ ಇದೆ. ಇದನ್ನು ಬರೆಯಲು ಕಷ್ಟವಾಯಿತು. ಆದರೂ ಬರೆದೆ.

ನಿನ್ನ ತಂಗಿ


ಮಾರ್ಚ್ 24

ಜಡ್ಜಮ್ಮನವರ ಸನ್ನಿಧಾನಕ್ಕೆ,

ಈ ಕಾಗದ ನಿಮ್ಮ ತಾಯಿಗಲ್ಲ, ನಿಮಗೆ. ಅವಳು ಗಟ್ಟಿಯಾಗಿ ಓದಿ ಹೇಳಲಿ, ನಡುವೆ ಏನನ್ನೂ ಸೇರಿಸದೆ.

ನಿಮ್ಮ ತೀರ್ಪು ತಲುಪಿತು. ನಿಮ್ಮ ತಾಯಿಯ ಕಾಗದವನ್ನು ಈ ಸಲವೂ ಊಟದ ಬಿಡುವಿನಲ್ಲಿ ಎಲ್ಲರಿಗೂ ಓದಿದೆ. ಅರ್ಧ ಬಟ್ಟಲು ಎಂಬಲ್ಲಿ ಮುಖ್ಯಸ್ಥರ ಮುಖ ಸ್ವಲ್ಪ ಇಳಿಯಿತು. ನನ್ನದು ಇಳಿಯಲಿಲ್ಲ. ಆ ಹಳೆಯ ಕಾಗದದ ಕಥೆಯನ್ನೂ ಆಗಲೇ ಹೇಳಿಬಿಟ್ಟೆ, ನನ್ನ ತಪ್ಪನ್ನೂ ಸೇರಿಸಿ. ಆರು ತಿಂಗಳ ಕೂಸು ನುಂಗಿದ ಮೇಲೆ ಹಿಡಿದ ಕಹಿಯನ್ನು ಆರು ಜನ ದೊಡ್ಡವರು ಹಿಡಿಯಲಿಲ್ಲ ಎಂದು ಹೇಳುವಾಗ ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಲ್ಯಾಬಿನವರು ಬಂದು ಇಣುಕಿದರು.

ಅವರಲ್ಲಿ ಒಬ್ಬಳು ಕೇಳಿದಳು, 'ನಿಮ್ಮ ಮಗು ಬೇರೆಯವರ ಡಬ್ಬ ತಿಂದ್ರೆ ನಿಮಗೆ ಬೇಜಾರಾಗಲ್ವಾ?'

ಬೇಜಾರೇ? ಕೇಳಿರಿ ಜಡ್ಜಮ್ಮನವರೇ. ನಾನು ಇಷ್ಟು ವರ್ಷ ಕೆಂಪು ದೀಪದ ಕೆಳಗೆ ಕೂತವಳು, ಒಂದು ದಿನ ನೆಂಟರ ಮಾತು ಕೇಳಿ ನನ್ನ ನಾಲಿಗೆಯನ್ನು ಮೂಲೆಗೆ ಸರಿಸಿದೆ. ನಿಮ್ಮ ಎದುರಿಗೆ ಸ್ವಂತ ದೊಡ್ಡಮ್ಮನ ಡಬ್ಬ ಇತ್ತು. ನೀವು ಒಳ್ಳೆಯದೆಂದು ಅರ್ಧ ತಿಂದಿರಿ, ಇನ್ನೂ ಒಳ್ಳೆಯದನ್ನು ಪೂರ್ತಿ ತಿಂದಿರಿ. ಬಾಯಲ್ಲಿ ಎರಡೇ ಹಲ್ಲಿದ್ದರೂ ನಾಲಿಗೆಗೆ ನೆಂಟಸ್ತನ ಇಲ್ಲ ಎಂದು ತೋರಿಸಿದಿರಿ. ಅದನ್ನೇ ಅವಳಿಗೂ ಹೇಳಿದೆ, 'ಅವಳು ನನ್ನ ಮಗಳು ಕಣಮ್ಮ' ಎಂದು.

ಇವತ್ತು ಮಧ್ಯಾಹ್ನ ಮುಖ್ಯಸ್ಥರು ಯಂತ್ರದ ಬೆಂಕಿಯನ್ನು ಇನ್ನೊಂದು ಚೂರು ಇಳಿಸಿದ್ದಾರೆ. ಬೆಳಿಗ್ಗೆ ಆ ಮಾಲು ನನ್ನ ಗೂಡಿಗೆ ಬರುತ್ತದೆ. ನನಗೆ ಒಪ್ಪಿಗೆಯಾದರೆ ಒಂದು ಡಬ್ಬ ನಿಮಗೂ ಬರುತ್ತದೆ. ಬೇಡವಾದರೆ ಉಗಿಯಿರಿ.

ರಾತ್ರಿ ಊಟಕ್ಕೆ ನಾನು ಏನು ಮಾಡಿದೆ ಎಂದು ನಿಮ್ಮ ತಾಯಿ ಕೇಳುತ್ತಾಳೆ, ಹೇಳಿಬಿಡಿ. ಸಪ್ಪೆ ಅನ್ನ, ಈರುಳ್ಳಿ ಇಲ್ಲ. ನಾಳೆ ಕೆಲಸವಿದೆ.

ನಿಮ್ಮ ದೊಡ್ಡಮ್ಮ